ಬೆಳಿಗ್ಗೆ 11 ಆದ್ರೆ ಸಾಕು, ಸರ್ಚ್ ಕುಂಟೋಕೆ ಶುರು: ಗಳಿಗೆಗೊಮ್ಮೆ ಬದಲಾಗೋ ಇಂಡೆಕ್ಸ್‌ಗೆ ನೀವೇನ್ ಮಾಡ್ತೀರಿ?

ಮಂಡಿಪೇಟೆ_ಹುಡುಗ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಾವು ಮೂರು ಜನ ಸೇರಿ ಸಗಟು ಅಂಗಡಿಗಳ ದರ ಹುಡುಕೋ ಆಪ್ ನಡೆಸ್ತೀವಿ. ಕಿರಾಣಿ, ಎಣ್ಣೆ, ಬಿತ್ತನೆ ಬೀಜ, ಗೊಬ್ಬರ, ಪೈಪು, ಎಲ್ಲಾ ಸೇರಿ ಸುಮಾರು 8 ಲಕ್ಷ ಐಟಂ. ಹಿಂಬದಿಯಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್, ಹುಡುಕೋಕೆ ಸೋಲರ್ 8 ಅನ್ನೋ ಸರ್ಚ್ ತಂತ್ರಾಂಶ. (ನಮ್ಮಪ್ಪ ನೆಂಟರ ಹತ್ರ ಈಗಲೂ "ಮಗ ಸೋಲಾರ್ ಕೆಲಸ ಮಾಡ್ತಾನೆ" ಅಂತಲೇ ಹೇಳೋದು. ಚಾವಣಿ ಮೇಲೆ ಪ್ಯಾನೆಲ್ ಹಾಕಿಸ್ಕೊಡು ಅಂತ ಇಬ್ಬರು ಕೇಳಿಯೂ ಆಯ್ತು.) ಬಾಡಿಗೆ ಸರ್ವರ್ ಒಂದೇ, 16 ಜಿಬಿ ಮೆಮೊರಿ, ಎಸ್‌ಎಸ್‌ಡಿ. ಇಂಡೆಕ್ಸ್ (ಹುಡುಕೋಕೆ ಸೋಲರ್ ಮಾಡಿಟ್ಟುಕೊಳ್ಳೋ ಪದಸೂಚಿ) 6 ಜಿಬಿ.

ರಾತ್ರಿ ಹುಡುಕಿದ್ರೆ 80 ಮಿಲಿಸೆಕೆಂಡ್‌ಗೆ ಉತ್ತರ ಬರುತ್ತೆ. ಬೆಳಿಗ್ಗೆ 11ಕ್ಕೆ ಅಂಗಡಿಯವರು ದರ ತಿದ್ದೋಕೆ ಕೂತ್ರು ಅಂದ್ರೆ 6 ಸೆಕೆಂಡ್, 8 ಸೆಕೆಂಡ್. ತಿದ್ದಿದವರದ್ದೂ ಸೇವ್ ಬಟನ್ ತಿರುಗ್ತಾನೇ ಇರುತ್ತೆ. ಲಾಗ್ ತುಂಬಾ "ಓವರ್‌ಲ್ಯಾಪಿಂಗ್ ಆನ್‌ಡೆಕ್‌ಸರ್ಚರ್ಸ್" ಅನ್ನೋ ಎಚ್ಚರಿಕೆ. ಅದರ ಮಿತಿ ಮ್ಯಾಕ್ಸ್‌ವಾರ್ಮಿಂಗ್‌ಸರ್ಚರ್ಸ್ 2 ಇದ್ದದ್ದನ್ನ 8 ಮಾಡಿದೆ, ಇನ್ನೂ ಕೆಟ್ಟಿತು. ಜಾವಾ ಹೀಪ್ (ಸೋಲರ್‌ಗೆ ಮೀಸಲಿಟ್ಟ ಮೆಮೊರಿ) 8 ಜಿಬಿಯಿಂದ 12ಕ್ಕೆ ಏರಿಸಿದೆ, ಅದರಿಂದಲೂ ಕೆಟ್ಟಿತು. ಈಗ ಮುಟ್ಟೋಕೇ ಭಯ.

ಚಳ್ಳಕೆರೆ_ಶೇಂಗಾ · ಸೋಮವಾರ ರಾತ್ರಿ 9:52

ಕಾವಲಿ ಕಾಯೋಕೆ ಮುಂಚೆ ಹಿಟ್ಟು ಹುಯ್ದು, ದೋಸೆ ಏಳ್ತಿಲ್ಲ ಅಂತ ಇನ್ನೂ ಏಳು ಕಾವಲಿ ಇಟ್ಟಂಗಾಯ್ತು. ಇರೋ ಸೌದೆ ಒಂದೇ ಒಲೇದು ಕಣಪ್ಪ.

ತಮಾಷೆ ಪಕ್ಕಕ್ಕಿರ್ಲಿ. ಕಮಿಟ್, ಅಂದ್ರೆ ಬದಲಾವಣೆ ಇಂಡೆಕ್ಸ್‌ಗೆ ಪಕ್ಕಾ ಮಾಡೋ ಆದೇಶ, ಯಾರು ಹೊಡೀತಾರೆ? ಎಷ್ಟು ಸಲ? ಕ್ಯಾಶ್ (ಹಿಂದಿನ ಉತ್ತರ ನೆನಪಿಟ್ಟುಕೊಳ್ಳೋ ಜಾಗ) ಸೆಟ್ಟಿಂಗ್ ಏನಿದೆ? ಅದು ಹೇಳ್ದೆ ಯಾರೂ ಏನೂ ಹೇಳೋಕಾಗಲ್ಲ.

ಮಂಡಿಪೇಟೆ_ಹುಡುಗ · ಸೋಮವಾರ ರಾತ್ರಿ 10:05

ಒಂದೊಂದು ದರ ತಿದ್ದಿದಾಗಲೂ ಪಿಎಚ್‌ಪಿ ಕೋಡ್ ಆ ಡಾಕ್ಯುಮೆಂಟ್ (ಒಂದು ಐಟಂನ ದಾಖಲೆ) ಕಳ್ಸಿ ಕೂಡಲೇ ಕಮಿಟ್ ಹೊಡೆಯುತ್ತೆ. 11ರಿಂದ 2ರ ನಡುವೆ ಎರಡು ಸೆಕೆಂಡಿಗೆ ಒಂದಾದ್ರೂ ಬೀಳುತ್ತೆ. ಫಿಲ್ಟರ್ ಕ್ಯಾಶ್ 512, ಆಟೋವಾರ್ಮ್ ಕೌಂಟ್ ಕೂಡ 512. ಜಾಸ್ತಿ ಇದ್ರೆ ಒಳ್ಳೇದು ಅಂದ್ಕೊಂಡಿದ್ದೆ. ರಾತ್ರಿ 2ಕ್ಕೆ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ತಾನೇ ಓಡೋ ಕೆಲಸ) ಒಂದು ಆಪ್ಟಿಮೈಜ್ ಇದೆ, ಇಂಡೆಕ್ಸ್‌ನ ತುಂಡುಗಳನ್ನ ಒಟ್ಟುಗೂಡಿಸೋ ಆದೇಶ.

ಹಳೇ_ಗುಮಾಸ್ತ · ಸೋಮವಾರ ರಾತ್ರಿ 11:20

ತಮ್ಮಾ, ನಿಮ್ಮದು ಮಂಡಿಪೇಟೆ ಅಂದಮೇಲೆ ಇದು ಬೇಗ ಅರ್ಥವಾಗುತ್ತದೆ. ನಮ್ಮ ತಂದೆ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಖಾತೆ ಪುಸ್ತಕದಲ್ಲಿ ಅವರು ಯಾವತ್ತೂ ರಬ್ಬರ್ ಮುಟ್ಟಿದವರಲ್ಲ. ತಪ್ಪಾದರೆ ಹಳೆಯ ಸಾಲಿಗೆ ಗೆರೆ ಎಳೆದು, ಕೆಳಗೆ ಹೊಸ ಸಾಲು. ಸೋಲರ್‌ನ ಒಳಗಿರುವ ಲುಸೀನ್ ಎಂಬ ಹುಡುಕಾಟದ ಲೈಬ್ರರಿ ಸಹ ಹಾಗೆಯೇ. ಒಮ್ಮೆ ಬರೆದ ಸೆಗ್ಮೆಂಟನ್ನು, ಅಂದರೆ ಇಂಡೆಕ್ಸಿನ ಒಂದು ತುಂಡನ್ನು, ಅದು ಮತ್ತೆ ತಿದ್ದುವುದಿಲ್ಲ. ನೀವು ಒಂದು ದರ ಬದಲಿಸಿದರೆ ಹಳೆಯ ಡಾಕ್ಯುಮೆಂಟಿಗೆ "ಅಳಿಸಿದೆ" ಎಂಬ ಗುರುತು ಬೀಳುತ್ತದೆ, ಇಡೀ ಡಾಕ್ಯುಮೆಂಟು ಹೊಸದಾಗಿ ಇನ್ನೊಂದು ಸೆಗ್ಮೆಂಟಿಗೆ ಹೋಗುತ್ತದೆ. ಗೆರೆ ಹೊಡೆದ ಸಾಲುಗಳು ನಿಜವಾಗಿ ಹೋಗುವುದು ಮರ್ಜ್ ಆದಾಗ, ಅಂದರೆ ಸಣ್ಣ ಪುಸ್ತಕಗಳನ್ನು ದೊಡ್ಡದೊಂದಕ್ಕೆ ನಕಲು ತೆಗೆಯುವಾಗ.

ಹುಡುಕುವವನ ಕೈಯಲ್ಲಿರುವುದು ಒಂದು ಕ್ಷಣದ ನೋಟ. ಅದನ್ನೇ ಸರ್ಚರ್ ಅನ್ನುತ್ತಾರೆ. ಹೊಸ ಸಾಲು ಕಾಣಬೇಕಾದರೆ ಹೊಸ ಸರ್ಚರ್ ತೆರೆಯಬೇಕು. ತೆರೆದ ಕೂಡಲೇ ಹಳೆಯ ಸರ್ಚರ್‌ನ ಫಿಲ್ಟರ್ ಕ್ಯಾಶ್, ಕ್ವೆರಿ ರಿಸಲ್ಟ್ ಕ್ಯಾಶ್ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆಟೋವಾರ್ಮ್ 512 ಎಂದರೆ ಹಳೆಯ ಕ್ಯಾಶಿನ 512 ಫಿಲ್ಟರುಗಳನ್ನು ಹೊಸ ಸರ್ಚರ್ ಮೇಲೆ ಮತ್ತೆ ಓಡಿಸು ಎಂದು. ಅದಕ್ಕೆ ನಿಮ್ಮಲ್ಲಿ ಎಷ್ಟು ಹೊತ್ತು ಹಿಡಿಯುತ್ತಿದೆ ಎಂದು ಅಡ್ಮಿನ್ ಪುಟದ ಅಂಕಿಅಂಶದಲ್ಲಿ ವಾರ್ಮಪ್ ಟೈಮ್ ನೋಡಿ. ಅದು 5 ಸೆಕೆಂಡ್ ಇದ್ದು ಕಮಿಟ್ 2 ಸೆಕೆಂಡಿಗೊಮ್ಮೆ ಬಿದ್ದರೆ ಒಂದು ಬಿಸಿಯಾಗುವ ಮೊದಲೇ ಇನ್ನೊಂದು ಸಾಲಿಗೆ ನಿಲ್ಲುತ್ತದೆ. ಆ ಎಚ್ಚರಿಕೆಯ ಅರ್ಥ ಅಷ್ಟೇ. ಹಳೆಯ ಸೋಲರ್‌ನಲ್ಲಿ ಮಿತಿ ಮೀರಿದರೆ ಎರರ್ ಬರುತ್ತಿತ್ತು. ನಿಮ್ಮ 8ರಲ್ಲಿ ಕಮಿಟ್ ಸುಮ್ಮನೆ ಕಾಯುತ್ತದೆ, ಸೇವ್ ಬಟನ್ ತಿರುಗುವುದು ಅದಕ್ಕೇ. ಮಿತಿಯನ್ನು 8ಕ್ಕೆ ಏರಿಸಿ ನೀವು ಎಂಟು ಸರ್ಚರುಗಳಿಗೆ ಒಟ್ಟಿಗೆ ಬಿಸಿಯಾಗಲು ಬಿಟ್ಟಿರಿ. ಸಿಪಿಯು ಪಾಪ ಎಲ್ಲಿಗೆ ಹೋಗಬೇಕು.

ಮೊದಲ ಕೆಲಸ: ಪಿಎಚ್‌ಪಿಯಿಂದ ಕಮಿಟ್ ತೆಗೆಯಿರಿ. ಕೋಡಿನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕುವುದು ಕಷ್ಟವಾದರೆ, ಕ್ಲೈಂಟಿನಿಂದ ಬರುವ ಕಮಿಟ್, ಆಪ್ಟಿಮೈಜ್ ಎರಡನ್ನೂ ನುಂಗಿಕೊಳ್ಳುವ ಅಪ್‌ಡೇಟ್ ಪ್ರೊಸೆಸರ್ ಸೋಲರ್‌ನಲ್ಲೇ ಇದೆ. ಕಮಿಟ್ ಯಾವಾಗ ಎಂಬುದನ್ನು ಸರ್ವರ್ ತೀರ್ಮಾನಿಸಲಿ.

ಪಿಜೆ_ಬಡಾವಣೆ · ಮಂಗಳವಾರ ಬೆಳಿಗ್ಗೆ 8:15

ಇಷ್ಟೆಲ್ಲಾ ಯಾಕ್ರೀ. ಡಿಸ್ಕಿಗೆ ಗಟ್ಟಿಯಾಗಿ ಬರೆಯೋ ಹಾರ್ಡ್ ಕಮಿಟ್ ತೆಗ್ದು, ಹೊಸದನ್ನ ಕಾಣೋ ಹಂಗಷ್ಟೇ ಮಾಡೋ ಸಾಫ್ಟ್ ಕಮಿಟ್ ಇಡ್ರಿ, ಅದು ಡಿಸ್ಕಿಗೆ ಹೆಚ್ಚು ಹೊರೆ ಹಾಕಲ್ಲ, ಹಗುರ. ಇಲ್ಲಾಂದ್ರೆ ಎಲಾಸ್ಟಿಕ್‌ಸರ್ಚ್ ಅನ್ನೋ ಇನ್ನೊಂದು ಸರ್ಚ್ ತಂತ್ರಾಂಶಕ್ಕೆ ಹೋಗ್ಬಿಡ್ರಿ, ಅದು ರಿಯಲ್ ಟೈಮ್.

ಕೋಟೆ_ಕಿಂಡಿ · ಮಂಗಳವಾರ ಬೆಳಿಗ್ಗೆ 9:02

ನಾನು ಚಿತ್ರದುರ್ಗದಲ್ಲಿ ಕೂತು ಒಂದು ಕಂಪನಿಗೆ ಎಲಾಸ್ಟಿಕ್‌ಸರ್ಚ್‌ನೇ ನೋಡ್ಕೊಳ್ಳೋದು. ಅದರ ಹೊಟ್ಟೆಯಲ್ಲಿ ಇರೋದೂ ಇದೇ ಲುಸೀನ್. ಡಗ್ ಕಟಿಂಗ್ 1999ರಲ್ಲಿ ಶುರು ಮಾಡಿದ್ದು, ಅದರ ಮೇಲೆ ಸೋಲರ್ 2004ರಲ್ಲಿ, ಎಲಾಸ್ಟಿಕ್ 2010ರಲ್ಲಿ. ಮನೆ ಬದಲಾಯ್ಸಿದ್ರೆ ನೆಲದ ಕೆಳಗಿನ ಬಂಡೆ ಬದಲಾಗಲ್ಲ. ಇಲ್ಲಿ ಸಾಫ್ಟ್ ಕಮಿಟ್ ಅನ್ನೋದನ್ನ ಅಲ್ಲಿ ರಿಫ್ರೆಶ್ ಅಂತಾರೆ. ಹಂಗೇ ಬಿಟ್ರೆ 1 ಸೆಕೆಂಡಿಗೊಮ್ಮೆ ಆಗುತ್ತೆ, 30 ಸೆಕೆಂಡ್ ಯಾರೂ ಹುಡುಕದಿದ್ರೆ ತಾನೇ ಸುಮ್ಮನಾಗುತ್ತೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಮಾಡಿದ್ದೇ ರಿಫ್ರೆಶ್ ಇಂಟರ್ವಲ್ಲನ್ನ 30 ಸೆಕೆಂಡ್ ಮಾಡಿದ್ದು. ರಾತ್ರೋರಾತ್ರಿ ಮೊದಲಿಂದ ತುಂಬೋವಾಗ -1 ಇಟ್ಟು (ಅಂದ್ರೆ ರಿಫ್ರೆಶ್ ಬಂದ್), ರೆಪ್ಲಿಕಾ, ಅಂದ್ರೆ ನಕಲು ಪ್ರತಿ, ಸೊನ್ನೆ ಮಾಡಿ, ಮುಗಿದ ಮೇಲೆ ವಾಪಸ್.

ಸಾಫ್ಟ್ ಕಮಿಟ್ ಡಿಸ್ಕಿಗೆ ಹಗುರ ಅನ್ನೋದು ನಿಜ. ಆದರೆ ಅದೂ ಹೊಸ ಸರ್ಚರ್ ತೆರೆಯುತ್ತೆ, ಕ್ಯಾಶ್ ಎಸೆಯುತ್ತೆ. ಈ ಅಣ್ಣನಿಗೆ ನೋವಿರೋದು ಅಲ್ಲೇ.

ಮಂಡಿಪೇಟೆ_ಹುಡುಗ · ಬುಧವಾರ ರಾತ್ರಿ 8:30

ನಿನ್ನೆ ಆಗಿದ್ದು ಕೇಳ್ರಿ. ಪಿಎಚ್‌ಪಿಯಿಂದ ಕಮಿಟ್ ತೆಗೆದೆ, ಸಾಫ್ಟ್ ಕಮಿಟ್ 20 ಸೆಕೆಂಡಿಗೆ ಇಟ್ಟೆ, ಮ್ಯಾಕ್ಸ್‌ವಾರ್ಮಿಂಗ್ ವಾಪಸ್ 2. ಆಟೋ ಹಾರ್ಡ್ ಕಮಿಟ್ ನಮ್ಮ ಕಾನ್ಫಿಗ್‌ನಲ್ಲಿ ಮೊದಲಿಂದಲೂ ಇರ್ಲಿಲ್ಲ, ಪಿಜೆ ಅಣ್ಣ ಬೇಡ ಅಂದ್ರಲ್ಲ ಅಂತ ಹಂಗೇ ಬಿಟ್ಟೆ. ಮಧ್ಯಾಹ್ನ ಸ್ವರ್ಗ. ಸೇವ್ ಬಟನ್ ಒತ್ತಿದ ತಕ್ಷಣ ಬಿಡ್ತು.

ಇವತ್ತು ಸಂಜೆ 4ಕ್ಕೆ ಸರ್ವರ್ ಬಾಡಿಗೆ ಕೊಟ್ಟವರು ಹೇಳದೆ ಕೇಳದೆ ಯಂತ್ರ ರೀಬೂಟ್ ಮಾಡಿದ್ರು. ಸೋಲರ್ ಮೇಲೆ ಬರೋಕೆ 25 ನಿಮಿಷ. ಅಷ್ಟೊತ್ತು ಆಪ್ ಖಾಲಿ. ಫೋನ್ ಮೇಲೆ ಫೋನು.

ಹಳೇ_ಗುಮಾಸ್ತ · ಬುಧವಾರ ರಾತ್ರಿ 9:10

ಖಾತೆಗೆ ಏರಿಸದೆ ಇಡೀ ದಿನದ ವ್ಯವಹಾರವನ್ನೆಲ್ಲ ಕಿರ್ದಿಯಲ್ಲೇ ಇಟ್ಟುಕೊಂಡಿರಿ. ಟ್ರಾನ್ಸಾಕ್ಷನ್ ಲಾಗ್ ಎಂದರೆ ಕಿರ್ದಿ: ಬಂದದ್ದನ್ನು ಬಂದ ಕ್ರಮದಲ್ಲಿ ಮೊದಲು ಅಲ್ಲಿ ಬರೆಯುತ್ತದೆ. ಹಾರ್ಡ್ ಕಮಿಟ್ ಆದಾಗ ಸೆಗ್ಮೆಂಟುಗಳು ಡಿಸ್ಕಿಗೆ ಗಟ್ಟಿಯಾಗಿ ಇಳಿದು, ಆ ಲಾಗ್ ಮುಚ್ಚಿ ಹೊಸದು ಶುರುವಾಗುತ್ತದೆ. ರಾತ್ರಿ 2ರ ಆಪ್ಟಿಮೈಜ್ ಬಿಟ್ಟರೆ ನಿಮ್ಮಲ್ಲಿ ಅದು ಆಗಲೇ ಇಲ್ಲ. ಸರ್ವರ್ ಎದ್ದಾಗ ಕಿರ್ದಿಯನ್ನು ಮೊದಲ ಸಾಲಿನಿಂದ ಓದಿಕೊಂಡು ಬಂತು. ಒಂದು ಸಾಲೂ ಕಳೆದಿಲ್ಲ, ಅದು ನಿಮ್ಮ ಪುಣ್ಯ.

ಆಟೋ ಕಮಿಟ್ 60 ಸೆಕೆಂಡಿಗೆ ಇಡಿ, ಅದರಲ್ಲಿ ಓಪನ್‌ಸರ್ಚರ್ ಫಾಲ್ಸ್ ಎಂದು ಬರೆಯಿರಿ. ಇದು ಮುಖ್ಯ. ಗಟ್ಟಿ ಮಾಡುವುದು ಬೇರೆ, ಕಣ್ಣಿಗೆ ಕಾಣಿಸುವುದು ಬೇರೆ. ಮೊದಲನೆಯದಕ್ಕೆ ಹಾರ್ಡ್ ಕಮಿಟ್, ಎರಡನೆಯದಕ್ಕೆ ಸಾಫ್ಟ್ ಕಮಿಟ್. ಫಾಲ್ಸ್ ಇದ್ದರೆ ಹಾರ್ಡ್ ಕಮಿಟ್ ಕ್ಯಾಶನ್ನು ಮುಟ್ಟುವುದಿಲ್ಲ, ನಿಮಿಷಕ್ಕೊಮ್ಮೆ ಆದರೂ ಹುಡುಕುವವರಿಗೆ ಗೊತ್ತಾಗುವುದಿಲ್ಲ.

ಪಿಜೆ_ಬಡಾವಣೆ · ಬುಧವಾರ ರಾತ್ರಿ 9:25

ತಪ್ಪಾಯ್ತು ಮಾರಾಯ್ರೆ. ನಮ್ಮದು ಸಣ್ಣ ಇಂಡೆಕ್ಸ್, ಯಾವತ್ತೂ ಬಿದ್ದೂ ಇರ್ಲಿಲ್ಲ. ಈಗ ನೋಡಿದ್ರೆ ನಮ್ಮಲ್ಲೂ ಲಾಗ್ ಫೈಲು 3 ಜಿಬಿ ಬೆಳೆದೈತಿ.

ಮಂಡಿಪೇಟೆ_ಹುಡುಗ · ಗುರುವಾರ ಮಧ್ಯಾಹ್ನ 3:15

ಗುಮಾಸ್ತ ಸಾರ್ ಹೇಳಿದ ಹಂಗೆ ಇಟ್ಟೆ. ಎಚ್ಚರಿಕೆ ಸಾಲು ಪೂರ್ತಿ ನಿಂತಿವೆ. ಆದ್ರೂ ಪ್ರತಿ 20 ಸೆಕೆಂಡಿಗೊಮ್ಮೆ ಹುಡುಕಾಟ 2 ಸೆಕೆಂಡ್ ಮುಗ್ಗರಿಸುತ್ತೆ. ವಾರ್ಮಪ್ ಟೈಮ್ 9 ಸೆಕೆಂಡ್ ತೋರಿಸ್ತಿದೆ. ಫಿಲ್ಟರ್ ಕ್ಯಾಶ್ ಹಿಟ್ ರೇಶಿಯೋ 0.04. ಇವಿಕ್ಷನ್ (ಕ್ಯಾಶ್‌ನಿಂದ ಹೊರಬೀಳೋವು) ಮೀಟರ್ ಆಟೋ ಮೀಟರ್ ಥರ ಓಡ್ತಿದೆ. 512 ಸಾಲದೇನೋ, 4096 ಮಾಡ್ಲಾ?

ಕೋಟೆ_ಕಿಂಡಿ · ಗುರುವಾರ ಮಧ್ಯಾಹ್ನ 3:31

ಬೇಡ, ತಡೀರಿ. 0.04 ಅಂದ್ರೆ ನೂರಕ್ಕೆ ನಾಲ್ಕು ಸಲ ಮಾತ್ರ ಕ್ಯಾಶ್ ಕೆಲಸಕ್ಕೆ ಬಂತು ಅಂತ. ಅದು ಸಣ್ಣದಾಗಿರೋದಕ್ಕಲ್ಲ, ಒಳಗಿರೋದು ಕಸ ಅನ್ನೋದಕ್ಕೆ ಗುರುತು. ನಿಮ್ಮ ಫಿಲ್ಟರ್ ಕ್ವೆರಿಗಳನ್ನ ಲಾಗ್‌ನಿಂದ ಒಂದು ಹತ್ತು ಸಾಲು ಹಾಕಿ. ದಿನಾಂಕದ್ದು ಏನಾದ್ರೂ ಇದೆಯಾ?

ಮಂಡಿಪೇಟೆ_ಹುಡುಗ · ಗುರುವಾರ ಮಧ್ಯಾಹ್ನ 3:40

ಇದೆ ಅಕ್ಕ. ಪ್ರತಿ ದರಕ್ಕೂ ವಾಯಿದೆ ಇದೆ, "ಇಂಥಾ ದಿನ ಇಷ್ಟು ಗಂಟೆವರೆಗೆ" ಅಂತ. ಹಾಗಾಗಿ ಎಲ್ಲಾ ಹುಡುಕಾಟಕ್ಕೂ "ವಾಯಿದೆ: ನೌ ಇಂದ ಮುಂದಕ್ಕೆ" ಅನ್ನೋ ಫಿಲ್ಟರ್ ಅಂಟಿಸ್ತೀವಿ.

ಕೋಟೆ_ಕಿಂಡಿ · ಗುರುವಾರ ಮಧ್ಯಾಹ್ನ 3:58

ಸಿಕ್ತು ನೋಡಿ. ಸೋಲರ್‌ನಲ್ಲಿ ನೌ ಅಂದ್ರೆ ಮಿಲಿಸೆಕೆಂಡ್ ಲೆಕ್ಕ. ಈಗ ಹುಡುಕಿದವನ ಫಿಲ್ಟರ್ ಬೇರೆ, ಇನ್ನೊಂದು ಗಳಿಗೆಗೆ ಹುಡುಕಿದವನದ್ದು ಬೇರೆ. ಒಂದೊಂದು ಹುಡುಕಾಟಕ್ಕೂ ಕ್ಯಾಶ್‌ನಲ್ಲಿ ಹೊಸ ಸಾಲು, ಅದನ್ನ ಮತ್ತೆ ಯಾರೂ ಕೇಳಲ್ಲ. ಕೆಲಸಕ್ಕೆ ಬರೋ ಫಿಲ್ಟರ್‌ಗಳು, "ಊರು: ಹರಿಹರ", "ವರ್ಗ: ಗೊಬ್ಬರ" ಅನ್ನೋವು, ಆ ಕಸದ ನೂಕಿಗೆ ಹೊರಗೆ ಬೀಳ್ತವೆ. ಸಾಲದ್ದಕ್ಕೆ ಆಟೋವಾರ್ಮ್ ಬಂದು ಸತ್ತ 512 ಫಿಲ್ಟರ್‌ಗಳನ್ನ ಎಬ್ಬಿಸಿ ಕೂರಿಸುತ್ತೆ, 20 ಸೆಕೆಂಡಿಗೊಮ್ಮೆ. ನಿಮ್ಮ 9 ಸೆಕೆಂಡ್ ಹೋಗ್ತಿರೋದು ತಿಥಿ ಊಟಕ್ಕೆ.

ನೌ ಮುಂದೆ ಓರೆಗೆರೆ ಹಾಕಿ ಅವರ್ ಅಂತ ಬರೀರಿ. ಗಂಟೆಗೆ ದುಂಡಾಗುತ್ತೆ, ಗಂಟೆಯಿಡೀ ಒಂದೇ ಫಿಲ್ಟರ್. ವಾಯಿದೆ ಮುಗಿದದ್ದು ಒಂದು ಗಂಟೆವರೆಗೂ ಜಾಸ್ತಿ ಕಾಣಬಹುದು, ಅದು ಬೇಡ ಅಂದ್ರೆ ನಿಮಿಷಕ್ಕೆ ದುಂಡು ಮಾಡಿ. ಕರಾರುವಾಕ್ಕಾಗಿಯೇ ಬೇಕು ಅಂದ್ರೆ ಆ ಒಂದು ಫಿಲ್ಟರ್‌ಗೆ ಮಾತ್ರ ಕ್ಯಾಶ್ ಫಾಲ್ಸ್ ಅಂತ ಹೇಳಬಹುದು. ಆಟೋವಾರ್ಮ್ 16ಕ್ಕೆ ಇಳಿಸಿ.

ಮೆಮೊರಿ ಲೆಕ್ಕಾನೂ ಹೇಳ್ಬಿಡ್ತೀನಿ. ದೊಡ್ಡ ಫಿಲ್ಟರ್ ಒಂದಕ್ಕೆ, ಪ್ರತಿ ಡಾಕ್ಯುಮೆಂಟಿಗೆ ಒಂದು ಬಿಟ್. ಅಳಿಸಿದ ಗುರುತಿನವೂ ಲೆಕ್ಕಕ್ಕೆ ಸೇರ್ತವೆ. ನಿಮ್ಮ ಮ್ಯಾಕ್ಸ್‌ಡಾಕ್, ಅಂದ್ರೆ ಅವೂ ಸೇರಿದ ಒಟ್ಟು, ಎಷ್ಟಿದೆ?

ಮಂಡಿಪೇಟೆ_ಹುಡುಗ · ಗುರುವಾರ ಸಂಜೆ 4:10

ಬೆಳಿಗ್ಗೆ 8 ಲಕ್ಷ ಇತ್ತು, ಈಗ 11.4 ಲಕ್ಷ.

ಕೋಟೆ_ಕಿಂಡಿ · ಗುರುವಾರ ಸಂಜೆ 4:14

ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿ: ಫಿಲ್ಟರಿಗೆ ಸುಮಾರು 140 ಕೆಬಿ. 512ಕ್ಕೆ 72 ಎಂಬಿ ಹತ್ತಿರ. 4096 ಮಾಡಿದ್ರೆ 570ರ ಮೇಲೆ, ಎರಡು ಸರ್ಚರ್ ಒಟ್ಟಿಗೆ ಇದ್ದಾಗ ಅದರ ಎರಡರಷ್ಟು. ಎಲ್ಲಾ ಕಸಕ್ಕೆ.

ಮಂಡಿಪೇಟೆ_ಹುಡುಗ · ಶುಕ್ರವಾರ ಮಧ್ಯಾಹ್ನ 1:20

ಒಂದು ಸಾಲು ತಿದ್ದಿದ್ದು ಅಷ್ಟೇ ಅಕ್ಕ! ಹಿಟ್ ರೇಶಿಯೋ 0.91. ವಾರ್ಮಪ್ 700 ಮಿಲಿಸೆಕೆಂಡ್. ಎರಡು ವರ್ಷದಿಂದ ಆ ನೌ ಅಲ್ಲೇ ಕೂತಿತ್ತು. ಬರೆದಿದ್ದು ನಾನೇ.

ಚಳ್ಳಕೆರೆ_ಶೇಂಗಾ · ಶುಕ್ರವಾರ ಮಧ್ಯಾಹ್ನ 1:45

ಇದೇ ದಾರದಲ್ಲಿ ನಂದೂ ಒಂದು. ನಮ್ಮಲ್ಲಿ ಶೇಂಗಾ ಅಂತ ಹುಡುಕಿದ್ರೆ ಕಡಲೆಕಾಯಿ ಬರಲ್ಲ, ಮೆಕ್ಕೆಜೋಳ ಅಂದ್ರೆ ಗೋವಿನಜೋಳ ಬರಲ್ಲ. ಸಮಾನಾರ್ಥಕ ಪಟ್ಟಿ ಹಾಕಿದೀನಿ, ವಾರಕ್ಕೆರಡು ಸಲ ಹೊಸ ಪದ ಸೇರುತ್ತೆ, ಪ್ರತಿ ಸಲ ಪೂರಾ ರೀಇಂಡೆಕ್ಸ್ ಮಾಡ್ತಾ ಕೂತಿದೀನಿ.

ಹಳೇ_ಗುಮಾಸ್ತ · ಶುಕ್ರವಾರ ಮಧ್ಯಾಹ್ನ 2:05

ಪಟ್ಟಿಯನ್ನು ಇಂಡೆಕ್ಸ್ ಮಾಡುವ ಕಡೆಯಿಂದ ತೆಗೆದು ಹುಡುಕುವ ಕಡೆಯ ಅನಲೈಜರ್‌ಗೆ (ಪದಗಳನ್ನು ಬಿಡಿಸಿ ನೋಡುವ ಭಾಗ) ಹಾಕಿ. ಪದ ಸೇರಿಸಿದ ಮೇಲೆ ಕೋರ್ (ಸೋಲರ್‌ನಲ್ಲಿ ಆ ಇಂಡೆಕ್ಸ್) ರೀಲೋಡ್ ಮಾಡಿದರೆ ಮುಗಿಯಿತು. ಉಳಿದದ್ದಕ್ಕೆ ಬೇರೆ ದಾರ ಶುರು ಮಾಡಿ, ಇಲ್ಲಿ ಗೋಜಲಾಗುತ್ತದೆ.

ಮಂಡಿಪೇಟೆಯವರೇ, ನಿಮ್ಮ ಹೀಪ್ ಇನ್ನೂ 12 ಜಿಬಿಯೇ? 16ರಲ್ಲಿ 12 ಜಾವಾಕ್ಕೆ ಕೊಟ್ಟರೆ ಉಳಿದ 4ರಲ್ಲಿ ಲಿನಕ್ಸ್, ಮೈಎಸ್‌ಕ್ಯೂಎಲ್ ಎಲ್ಲ ಬದುಕಬೇಕು. ಲುಸೀನ್ ಇಂಡೆಕ್ಸ್ ಫೈಲುಗಳನ್ನು ತನ್ನ ಹೀಪಿಗೆ ತುಂಬಿಕೊಳ್ಳುವುದಿಲ್ಲ. ಎಂಎಂಯಾಪ್ ಮೂಲಕ ಆಪರೇಟಿಂಗ್ ಸಿಸ್ಟಮ್ಮಿನ ಪೇಜ್ ಕ್ಯಾಶನ್ನೇ (ಓದಿದ ಫೈಲನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ನಂಬಿಕೊಂಡಿರುತ್ತದೆ. ಖಾಲಿ ಕಾಣುವ ಮೆಮೊರಿ ಅಲ್ಲಿ ದುಡಿಯುತ್ತಿರುತ್ತದೆ. ನೀವು ಅದನ್ನು ಕಿತ್ತುಕೊಂಡಿರಿ, 6 ಜಿಬಿ ಇಂಡೆಕ್ಸ್ ಪ್ರತಿ ಸಲ ಡಿಸ್ಕಿನಿಂದ ಬರಬೇಕಾಯಿತು. ಹೀಪ್ ದೊಡ್ಡದಾದಷ್ಟೂ ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿ ಗುಡಿಸುವ ಕೆಲಸ) ತಡೆಗಳೂ ಉದ್ದವಾಗಬಹುದು. 4 ಜಿಬಿಗೆ ಇಳಿಸಿ ನೋಡಿ.

ಇನ್ನೊಂದು ಪ್ರಶ್ನೆ. 20 ಸೆಕೆಂಡ್ ಎಂದು ಯಾರು ಹೇಳಿದ್ದು? ದರ ಎಷ್ಟು ತಡವಾಗಿ ಕಂಡರೆ ನಡೆಯುತ್ತದೆ ಎಂದು ಅಂಗಡಿಯವರನ್ನು ಕೇಳಿದ್ದೀರಾ?

ಮಂಡಿಪೇಟೆ_ಹುಡುಗ · ಶನಿವಾರ ಸಂಜೆ 7:00

ಕೇಳಿರ್ಲಿಲ್ಲ. ಇವತ್ತು ಏಳೆಂಟು ಅಂಗಡಿಗೆ ಹೋಗಿ ಕೇಳಿದೆ. ಒಂದು ಎಣ್ಣೆ ಅಂಗಡಿಯ ಯಜಮಾನ್ರು ನಕ್ಕುಬಿಟ್ರು: "ದರ ಐದು ನಿಮಿಷ ತಡ ಆದ್ರೂ ಏನಾಗಲ್ಲಪ್ಪ, ಗಿರಾಕಿ ಹೆಂಗೂ ಫೋನ್ ಮಾಡಿ ಚೌಕಾಸಿ ಮಾಡ್ತಾನೆ. ಆದ್ರೆ ಮಾಲು ಖಾಲಿ ಅಂತ ನಾನು ಒತ್ತಿದ ಮೇಲೂ ಇದೆ ಅಂತ ತೋರಿಸಿದ್ರೆ, ಗೊಲ್ಲರಹಳ್ಳಿಯಿಂದ ಗಾಡಿ ಬಾಡಿಗೆ ಕೊಟ್ಕೊಂಡು ಬಂದವನು ನನಗೆ ಬೈತಾನೆ." ಇನ್ನೊಬ್ಬರ ತಕರಾರು ಬೇರೆ: ತಿದ್ದಿದ ಮೇಲೆ ತಮ್ಮ ಪುಟದಲ್ಲಿ ಹಳೇ ದರವೇ ಕಂಡ್ರೆ ಸೇವ್ ಆಗಿಲ್ಲ ಅಂತ ಮತ್ತೆ ಮತ್ತೆ ಒತ್ತುತಾರಂತೆ. ನಮಗೆ ಬೀಳ್ತಿದ್ದ ಅಪ್‌ಡೇಟ್‌ಗಳಲ್ಲಿ ಎಷ್ಟೋ ಪಾಲು ಈ ಮರು ಒತ್ತುಗಳೇ ಇರಬೇಕು!

ಕೋಟೆ_ಕಿಂಡಿ · ಶನಿವಾರ ರಾತ್ರಿ 8:20

ಹಂಗಾದ್ರೆ ಮೂರೂ ಬೇರೆ ಬೇರೆ ಕೆಲಸ. ದರಕ್ಕೆ ಸಾಫ್ಟ್ ಕಮಿಟ್ 60 ಸೆಕೆಂಡ್ ಧಾರಾಳ ಸಾಕು. ಮಾಲು ಇದೆಯಾ ಇಲ್ವಾ ಅನ್ನೋದನ್ನ ಇಂಡೆಕ್ಸ್ ಮೇಲೆ ಬಿಡಬೇಡಿ. ಹುಡುಕಿ ಬಂದ 20 ಐಟಂಗಳ ಐಡಿ ಹಿಡ್ಕೊಂಡು ಮೈಎಸ್‌ಕ್ಯೂಎಲ್‌ಗೆ ಒಂದೇ ಕ್ವೆರಿ, ಅಲ್ಲಿಂದ ಬಂದದ್ದನ್ನ ಪರದೆ ಮೇಲೆ ತೋರಿಸಿ. 20 ಪ್ರೈಮರಿ ಕೀ ಎತ್ತೋದು ಅದಕ್ಕೆ ಲೆಕ್ಕವೇ ಅಲ್ಲ.

ಅಂಗಡಿಯವರು ತಮ್ಮದೇ ಐಟಂ ನೋಡೋವಾಗ ಹುಡುಕಾಟದ ದಾರೀಲಿ ಹೋಗ್ಬೇಡಿ. ಸೋಲರ್‌ನಲ್ಲಿ ರಿಯಲ್ ಟೈಮ್ ಗೆಟ್ ಅಂತ ಇದೆ. ಐಡಿ ಕೊಟ್ಟರೆ, ಕಮಿಟ್ ಆಗದಿದ್ರೂ, ಗುಮಾಸ್ತ ಸಾರ್ ಹೇಳಿದ ಆ ಕಿರ್ದಿಯಿಂದಲೇ ತಾಜಾ ಡಾಕ್ಯುಮೆಂಟ್ ಕೊಡುತ್ತೆ. ಮರು ಒತ್ತೋದು ನಿಲ್ಲುತ್ತೆ.

ಹಳೇ_ಗುಮಾಸ್ತ · ಶನಿವಾರ ರಾತ್ರಿ 10:15

ದರ ಬದಲಾದಾಗ ಇಡೀ ಡಾಕ್ಯುಮೆಂಟು ಮತ್ತೆ ಬರೆಯುವುದನ್ನೂ ತಪ್ಪಿಸಬಹುದು. ಸೋಲರ್ 6.5ರಿಂದ ಇನ್‌ಪ್ಲೇಸ್ ಅಪ್‌ಡೇಟ್, ಅಂದರೆ ಆ ಒಂದು ಫೀಲ್ಡನ್ನಷ್ಟೇ ಬದಲಿಸುವುದು, ಇದೆ. ಆ ಫೀಲ್ಡು ಸಂಖ್ಯೆಯಾಗಿರಬೇಕು, ಒಂದೇ ಮೌಲ್ಯದ್ದಾಗಿರಬೇಕು, ಡಾಕ್‌ವ್ಯಾಲ್ಯೂಸ್ (ಡಾಕ್ಯುಮೆಂಟುವಾರು ಬೇರೆಯಾಗಿಟ್ಟ ಮೌಲ್ಯಗಳ ಪಟ್ಟಿ) ಮಾತ್ರ ಇರಬೇಕು; ಇಂಡೆಕ್ಸ್ಡ್, ಸ್ಟೋರ್ಡ್ ಎರಡೂ ಫಾಲ್ಸ್. ಸೋಲರ್ ತಾನೇ ಇಟ್ಟುಕೊಳ್ಳುವ ವರ್ಶನ್ ಫೀಲ್ಡು ಸಹ ಹೀಗೆಯೇ ಇರಬೇಕು. ಕಾಪಿಫೀಲ್ಡ್ (ಬೇರೆ ಫೀಲ್ಡಿಗೆ ನಕಲು) ಇದ್ದರೆ ಅದರ ಗುರಿಗೂ ಇದೇ ನಿಯಮ. ಇದರಲ್ಲಿ ಒಂದು ತಪ್ಪಿದರೂ ಸೋಲರ್ ತಕರಾರು ಮಾಡುವುದಿಲ್ಲ, ಸದ್ದಿಲ್ಲದೆ ಇಡೀ ಡಾಕ್ಯುಮೆಂಟನ್ನೇ ಹೊಸದಾಗಿ ಬರೆದುಬಿಡುತ್ತದೆ. ನನಗೆ ಒಮ್ಮೆ ಇದನ್ನು ಪತ್ತೆ ಮಾಡಲು ಒಂದು ವಾರ ಹಿಡಿಯಿತು. ಮ್ಯಾಕ್ಸ್‌ಡಾಕ್ ಏರುತ್ತಲೇ ಇದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

ತೊಡಕೂ ಇದೆ. "200ರಿಂದ 300 ರೂಪಾಯಿ ಒಳಗೆ" ಎಂಬ ಫಿಲ್ಟರ್ ಡಾಕ್‌ವ್ಯಾಲ್ಯೂಸ್ ಮೇಲೆ ನಡೆಯುತ್ತದೆ, ಆದರೆ ಇಂಡೆಕ್ಸ್ಡ್ ಫೀಲ್ಡಿನಷ್ಟು ಚುರುಕಲ್ಲ. ದರದ ಹಂತವನ್ನು ಬೇರೆ ಫೀಲ್ಡಿನಲ್ಲಿ ಇಂಡೆಕ್ಸ್ ಮಾಡಿಟ್ಟರೆ, ಹಂತ ದಾಟಿದಾಗ ಮಾತ್ರ ಪೂರ್ತಿ ಬರೆಯಬೇಕಾಗುತ್ತದೆ. ಎರಡು ರೂಪಾಯಿ ಏರಿಳಿತಕ್ಕೆ ಹಂತ ಬದಲಾಗುವುದು ಅಪರೂಪ. ಮತ್ತೆ, ಇನ್‌ಪ್ಲೇಸ್ ಆದರೂ ಕಣ್ಣಿಗೆ ಕಾಣಲು ಹೊಸ ಸರ್ಚರ್ ಬೇಕೇ ಬೇಕು. ಅದರಿಂದ ಬಿಡುಗಡೆ ಇಲ್ಲ.

ರಾತ್ರಿಯ ಆಪ್ಟಿಮೈಜ್ ತೆಗೆಯಿರಿ. ಕ್ರಾನಿನಲ್ಲಿ ಮ್ಯಾಕ್ಸ್‌ಸೆಗ್ಮೆಂಟ್ಸ್ 1 ಎಂದು ಇದೆಯೇ?

ಮಂಡಿಪೇಟೆ_ಹುಡುಗ · ಶನಿವಾರ ರಾತ್ರಿ 10:22

ಇದೆ ಸಾರ್. ಯಾವುದೋ ಹಳೇ ಬರಹ ನೋಡಿ ಅಂಟಿಸಿದ್ದು.

ಹಳೇ_ಗುಮಾಸ್ತ · ಶನಿವಾರ ರಾತ್ರಿ 10:40

ಮರ್ಜ್ ಮಾಡುವ ನೀತಿಯ ಪ್ರಕಾರ ಒಂದು ಸೆಗ್ಮೆಂಟು 5 ಜಿಬಿ ದಾಟಬಾರದು. 7.5ರಿಂದ ಈಚೆಗೆ ಆಪ್ಟಿಮೈಜ್ ಕೂಡ ಆ ಮಿತಿ ಪಾಲಿಸುತ್ತದೆ, ನೀವು 1 ಎಂದು ಹಟ ಹಿಡಿಯದಿದ್ದರೆ. ನೀವು ಹಟ ಹಿಡಿದು 6 ಜಿಬಿಯ ಒಂದೇ ಪುಸ್ತಕ ಕಟ್ಟಿಸುತ್ತಿದ್ದೀರಿ, ಮರುದಿನ ಮಧ್ಯಾಹ್ನಕ್ಕೆ ಅದರ ತುಂಬಾ ಗೆರೆ. ರಾತ್ರಿ ಮತ್ತೆ 6 ಜಿಬಿ ಹೊಸದಾಗಿ ಬರೆದು ಪೇಜ್ ಕ್ಯಾಶನ್ನೂ ತಿರುವಿ ಹಾಕುತ್ತೀರಿ. ದಿನಾ ಬದಲಾಗುವ ಇಂಡೆಕ್ಸಿಗೆ ಇದು ಬೇಡ, ತಾನಾಗಿ ನಡೆಯುವ ಮರ್ಜ್ ಸಾಕು. ದಲಾಲಿ ಅಂಗಡಿಯಲ್ಲೂ ಹೊಸ ಪುಸ್ತಕ ದೀಪಾವಳಿಗೆ ಒಂದೇ ಸಲ.

ಮಂಡಿಪೇಟೆ_ಹುಡುಗ · ಮುಂದಿನ ಗುರುವಾರ ಮಧ್ಯಾಹ್ನ 2:30

ಭಾನುವಾರ ರಾತ್ರಿ ಸ್ಕೀಮಾ (ಫೀಲ್ಡ್‌ಗಳ ವಿವರ) ಬದಲಾಯ್ಸಿ ಪೂರಾ ರೀಇಂಡೆಕ್ಸ್ ಮಾಡಿದೆ. ಮೊದಲ ಸಲ ಒಂದೊಂದೇ ಡಾಕ್ಯುಮೆಂಟ್ ಕಳ್ಸಿ 4 ಗಂಟೆ ಆದ್ರೂ ಮುಗೀಲಿಲ್ಲ. ನಿಲ್ಲಿಸಿ, ಸಾವಿರದ ಕಟ್ಟು ಮಾಡಿ ಕಳಿಸಿದ್ದಕ್ಕೆ 50 ನಿಮಿಷ. ಹೀಪ್ 4 ಜಿಬಿ, ಸಾಫ್ಟ್ ಕಮಿಟ್ 60 ಸೆಕೆಂಡ್, ಆಪ್ಟಿಮೈಜ್ ಇಲ್ಲ.

ಮೂರು ದಿನ ನೋಡಿದೆ. 11ರಿಂದ 2ರ ನಡುವೆ ನೂರಕ್ಕೆ 95 ಹುಡುಕಾಟ 350 ಮಿಲಿಸೆಕೆಂಡ್ ಒಳಗೆ. ಮ್ಯಾಕ್ಸ್‌ಡಾಕ್ ಸಂಜೆಗೂ 8.3 ಲಕ್ಷ ದಾಟ್ತಿಲ್ಲ. ಎಣ್ಣೆ ಅಂಗಡಿಯವರು ಇವತ್ತು ಫೋನ್ ಮಾಡಿರ್ಲಿಲ್ಲ, ಅದೇ ದೊಡ್ಡ ಸುದ್ದಿ.

ಒಂದು ಉಳೀತು. ದೀಪಾವಳಿ ಹಂಗಾಮಿಗೆ ಇನ್ನೊಂದು ಸರ್ವರ್ ತಗೊಂಡು ಹುಡುಕಾಟ ಅದರ ಮೇಲೆ, ಬರೆಯೋದು ಇದರ ಮೇಲೆ ಮಾಡಿದ್ರೆ ಹೆಂಗೆ?

ಕೋಟೆ_ಕಿಂಡಿ · ಮುಂದಿನ ಗುರುವಾರ ಸಂಜೆ 5:05

ಆಗುತ್ತೆ. ಒಂದನ್ನ ಲೀಡರ್ (ಬರೆಯೋದು), ಇನ್ನೊಂದನ್ನ ಫಾಲೋವರ್ (ಅದರಿಂದ ನಕಲು ತಗೊಳ್ಳೋದು) ಮಾಡಿ, ಪೋಲ್ ಇಂಟರ್ವಲ್, ಅಂದ್ರೆ ಹೊಸದಿದೆಯಾ ಅಂತ ಕೇಳೋ ಅಂತರ, 60 ಸೆಕೆಂಡ್. ಒಂದು ನೆನಪಿಡಿ: ಫಾಲೋವರ್‌ಗೆ ಹೋಗೋದು ಹಾರ್ಡ್ ಕಮಿಟ್ ಆದದ್ದು ಮಾತ್ರ, ಸಾಫ್ಟ್ ಕಮಿಟ್ ಅಲ್ಲಿಗೆ ತಲುಪಲ್ಲ. ಹಾಗಾಗಿ ಹಾರ್ಡ್ ಕಮಿಟ್‌ನ ನಿಮಿಷ, ಪೋಲ್‌ನ ನಿಮಿಷ ಸೇರಿ ಎರಡು ನಿಮಿಷದವರೆಗೆ ತಡ ಆಗಬಹುದು. ಅಂಗಡಿಯವರು ಐದು ನಿಮಿಷ ಅಂದಿದ್ದಾರಲ್ಲ, ನಡೆಯುತ್ತೆ. ರಿಯಲ್ ಟೈಮ್ ಗೆಟ್ ಮಾತ್ರ ಲೀಡರ್‌ಗೇ ಕೇಳಿ. ಆ ಕ್ರಾನ್ ಏನಾದ್ರೂ ಮತ್ತೆ ಓಡಿಸಿದ್ರೋ, 6 ಜಿಬಿ ಪೂರ್ತಿ ಈ ಸರ್ವರ್‌ನಿಂದ ಆ ಸರ್ವರ್‌ಗೆ ಹೊತ್ಕೊಂಡು ಹೋಗುತ್ತೆ.

ಮಂಡಿಪೇಟೆ_ಹುಡುಗ · ಮುಂದಿನ ಗುರುವಾರ ಸಂಜೆ 5:11

ಕ್ರಾನ್ ಸಾಲನ್ನ ಕಾಮೆಂಟ್ ಮಾಡಿ ಬಿಟ್ಟಿದ್ದೆ ಅಕ್ಕ. ಈಗಲೇ ಹೋಗಿ ಪೂರ್ತಿ ಅಳಿಸ್ತೀನಿ.